ಮದುವೆಯಾಗಿ ಹೋದವಳ ಓದು: ವಿದ್ಯಾರ್ಥಿ ನೆರವಿನ ಕಾನೂನು ಮತ್ತು ಅದರ ಎರಡು ಲೆಕ್ಕ



ಮದುವೆಯಾಗಿ ಪರದೇಶಕ್ಕೆ ಹೋದ ಹೆಣ್ಣುಮಗಳು ಅಲ್ಲಿ ಮುಂದೆ ಓದಲು ಹೊರಟರೆ, ಆ ದೇಶದ ಸರ್ಕಾರ ತನ್ನ ವಿದ್ಯಾರ್ಥಿಗಳಿಗೆ ಕೊಡುವ ವೇತನವೋ ಸಾಲವೋ ಆಕೆಗೂ ಸಿಗುತ್ತದೆಯೇ? ಮೇಲ್ನೋಟಕ್ಕೆ ಇದು ಅರ್ಜಿ ಫಾರಂ ತುಂಬುವವರ ಚಿಂತೆ, ಸಾರ್ವಜನಿಕ ಉಪನ್ಯಾಸಕ್ಕೆ ತಕ್ಕ ವಿಷಯವಲ್ಲ ಎನಿಸಬಹುದು. ಕರ್ನಾಟಕದ ಮಧ್ಯಮ ವರ್ಗದ ಮನೆಗಳಲ್ಲಿ ಕಳೆದ ಮೂರು ದಶಕಗಳಲ್ಲಿ ಆದ ಬದಲಾವಣೆಯನ್ನು ನೋಡಿದರೆ ಹಾಗೆನಿಸಲಾರದು. ಸಾಫ್ಟ್‌ವೇರ್ ಉದ್ಯಮ ನಮ್ಮ ಹುಡುಗರನ್ನು ಹೊರದೇಶಕ್ಕೆ ಕರೆದೊಯ್ದಿತು. ಅವರ ಹಿಂದೆಯೇ ಬಿ.ಇ., ಬಿ.ಎಸ್‌ಸಿ., ಬಿ.ಕಾಂ. ಮುಗಿಸಿದ ನಮ್ಮ ಹುಡುಗಿಯರು ಪತ್ನಿಯರಾಗಿ ಹೋದರು. ಅವನ ವೀಸಾ, ಸಂಬಳ, ಬಡ್ತಿಗಳ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ಅವಳ ಓದು ಮಾತ್ರ ಎರಡು ಇಲಾಖೆಗಳ ನಡುವೆ ಸಿಕ್ಕಿಕೊಂಡಿದೆ. ವಲಸೆ ಇಲಾಖೆಯ ಕಡತದಲ್ಲಿ ಆಕೆ ಒಬ್ಬನ ಹೆಂಡತಿ; ಶಿಕ್ಷಣ ಇಲಾಖೆಯ ಕಡತದಲ್ಲಿ ಹೊರಗಿನವಳು.

ಸರ್ಕಾರಿ ಹಣದಿಂದ ನಡೆಯುವ ಯಾವುದೇ ವಿದ್ಯಾರ್ಥಿ ನೆರವು ಎರಡು ಪ್ರಶ್ನೆ ಕೇಳುತ್ತದೆ. ಈ ವಿದ್ಯಾರ್ಥಿ ನಮ್ಮವಳೇ ಎಂಬುದು ಮೊದಲನೆಯದು, ಅಂದರೆ ಅರ್ಹತೆಯ ಪ್ರಶ್ನೆ. ಇವಳಿಗೆ ಎಷ್ಟು ಹಣ ಬೇಕು ಎಂಬುದು ಎರಡನೆಯದು, ಅಂದರೆ ಅಗತ್ಯದ ಪ್ರಶ್ನೆ. ನಾನು ಮಂಡಿಸಬೇಕೆಂದಿರುವ ವಾದ ಇಷ್ಟೇ: ಅನೇಕ ದೇಶಗಳ ಕಾನೂನು ಅಗತ್ಯವನ್ನು ಅಳೆಯುವಾಗ ಮದುವೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಅರ್ಹತೆಯನ್ನು ಅಳೆಯುವಾಗ ಅದೇ ಮದುವೆಯನ್ನು ಕಡೆಗಣಿಸುತ್ತದೆ. ಗಂಡನ ಆದಾಯ ಅವಳ ಆದಾಯವೆನಿಸಿಕೊಳ್ಳುತ್ತದೆ, ಆದರೆ ಗಂಡ ಬೇರೂರಿದ ನೆಲ ಅವಳ ನೆಲವೆನಿಸಿಕೊಳ್ಳುವುದಿಲ್ಲ. ಮದುವೆಗೆ ಎರಡೂ ಕಡೆ ಒಂದೇ ಬೆಲೆ ಕೊಡುವುದು ನ್ಯಾಯ. ಹಾಗೆ ಕೊಡುವುದು ಕಾರ್ಯಸಾಧ್ಯವೂ ಹೌದು ಎಂಬುದಕ್ಕೆ ಜರ್ಮನಿಯ ಕಾನೂನು ಸಾಕ್ಷಿಯಾಗಿದೆ.

ಅಮೆರಿಕದಿಂದ ಆರಂಭಿಸೋಣ. ಹುಬ್ಬಳ್ಳಿಯ ಒಂದೇ ಬೀದಿಯ ಮೂವರು ಹುಡುಗಿಯರು ಒಂದೇ ವರ್ಷ ಮದುವೆಯಾದರೆಂದು ಊಹಿಸಿಕೊಳ್ಳಿ. ಒಬ್ಬಳ ಗಂಡ ಅಮೆರಿಕದ ಪೌರ, ಇನ್ನೊಬ್ಬಳ ಗಂಡನಿಗೆ ಗ್ರೀನ್ ಕಾರ್ಡ್, ಅಂದರೆ ಖಾಯಂ ವಾಸದ ಹಕ್ಕು, ಇದೆ, ಮೂರನೆಯವಳ ಗಂಡ ತಾತ್ಕಾಲಿಕ ಉದ್ಯೋಗದ ಎಚ್-1ಬಿ ವೀಸಾದ ಎಂಜಿನಿಯರ್. ಪೌರನ ಹೆಂಡತಿ ವಲಸೆ ವೀಸಾದಲ್ಲಿ ಕಾಲಿಟ್ಟ ದಿನವೇ ಖಾಯಂ ನಿವಾಸಿಯಾಗುತ್ತಾಳೆ. ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಆಕೆಯ ಗ್ರೀನ್ ಕಾರ್ಡಿಗೆ ಷರತ್ತು ಇರುತ್ತದೆ. ಆದರೂ ಸಂಯುಕ್ತ ಸರ್ಕಾರದ ವಿದ್ಯಾರ್ಥಿ ನೆರವಿಗೆ ಆಕೆ ಅಂದಿನಿಂದಲೇ ಅರ್ಹಳು. ಮದುವೆಗೆ ಮುನ್ನ ಕೆ-1 ವೀಸಾದಲ್ಲಿ ಹೋಗುವವಳು 90 ದಿನಗಳೊಳಗೆ ಮದುವೆಯಾಗಬೇಕು, ಆಮೇಲೆ ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ನೆರವಿಗೆ ಕಾಯಬೇಕು. ಗ್ರೀನ್ ಕಾರ್ಡಿನವನ ಹೆಂಡತಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇರುವುದರಿಂದ ಆಕೆ ಸರದಿಯಲ್ಲಿ ನಿಲ್ಲುತ್ತಾಳೆ. ಎಚ್-1ಬಿ ಎಂಜಿನಿಯರನ ಹೆಂಡತಿ ಎಲ್ಲರಿಗಿಂತ ಬೇಗ ವಿಮಾನ ಹತ್ತಬಹುದು. ಎಚ್-1ಬಿಯವರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ ಆಕೆ ಪೂರ್ಣಾವಧಿ ಕಾಲೇಜು ಸೇರಲೂ ಅಡ್ಡಿಯಿಲ್ಲ. ಆದರೆ ಸಂಯುಕ್ತ ಸರ್ಕಾರದ ನೆರವಿನಲ್ಲಿ ಒಂದು ಡಾಲರ್ ಕೂಡ ಆಕೆಗಿಲ್ಲ. ಗಂಡ ಎಫ್-1 ವಿದ್ಯಾರ್ಥಿಯಾಗಿದ್ದು ಹೆಂಡತಿ ಆತನ ಅವಲಂಬಿತಳಾಗಿ ಎಫ್-2ರಲ್ಲಿದ್ದರೆ ಪೂರ್ಣಾವಧಿ ಓದಿಗೂ ಅವಕಾಶವಿಲ್ಲ. ಅರೆಕಾಲಿಕ ಓದಿಗೆ ಅನುಮತಿ ಸಿಕ್ಕಿದ್ದೇ 2015ರಲ್ಲಿ.

ನೆರವು ಸಿಗದಿದ್ದರೆ ಕಳೆದುಕೊಳ್ಳುವುದೇನು? ಮೊದಲ ಪದವಿ ಓದುವ ಬಡ ವಿದ್ಯಾರ್ಥಿಗೆ ಮರಳಿ ಕೊಡಬೇಕಿಲ್ಲದ ಪೆಲ್ ಗ್ರಾಂಟ್ ಇದೆ. 2025-26ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್. ನಮ್ಮಲ್ಲಿಂದ ಹೋಗುವವರಲ್ಲಿ ಬಹಳ ಮಂದಿ ಪದವೀಧರೆಯರಾದ್ದರಿಂದ ಅವರಿಗೆ ಬೇಕಾಗುವುದು ಇದಲ್ಲ, ಸ್ನಾತಕೋತ್ತರ ಓದಿಗೆ ಸರ್ಕಾರ ಕೊಡುವ ಸಾಲ. ಅದು ವರ್ಷಕ್ಕೆ 20,500 ಡಾಲರ್‌ವರೆಗೆ ಸಿಗುತ್ತದೆ, ಅದಕ್ಕೆ ಜಾಮೀನುದಾರರು ಬೇಕಿಲ್ಲ. ಎಚ್-4 ಪತ್ನಿ ಖಾಸಗಿ ಬ್ಯಾಂಕಿಗೆ ಹೋದರೆ ಸಾಮಾನ್ಯವಾಗಿ ಅಲ್ಲಿನ ಪೌರರೋ ಖಾಯಂ ನಿವಾಸಿಯೋ ಜಾಮೀನು ನಿಲ್ಲಬೇಕು. ನೆಂಟರಿಷ್ಟರಿಲ್ಲದ ಊರಿನಲ್ಲಿ ಜಾಮೀನಿಗೆ ಯಾರನ್ನು ಹುಡುಕುವುದು? ಇದು ಒಂದೆರಡು ವರ್ಷದ ತಾತ್ಕಾಲಿಕ ತೊಂದರೆಯಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000. ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ಶೇ. 7ರ ಮಿತಿ. ಭಾರತದಲ್ಲಿ ಹುಟ್ಟಿದವರ ಸರದಿ ಹತ್ತು ವರ್ಷವನ್ನೂ ದಾಟಿ ಬೆಳೆದಿದೆ. ಇಪ್ಪತ್ತೈದರ ಹರೆಯದಲ್ಲಿ ಹೋದವಳು ನೆರವಿಗೆ ಅರ್ಹಳಾಗುವಷ್ಟರಲ್ಲಿ ನಲವತ್ತರ ಹತ್ತಿರ ಬಂದಿರುತ್ತಾಳೆ. ತಾತ್ಕಾಲಿಕ ಎಂದು ಕಾನೂನು ಕರೆದ ಸ್ಥಿತಿ ಓದುವ ವಯಸ್ಸನ್ನೆಲ್ಲ ನುಂಗಿ ಹಾಕುತ್ತದೆ.

ಈಗ ಎರಡನೆಯ ಪ್ರಶ್ನೆಗೆ, ಅಂದರೆ ಅಗತ್ಯದ ಲೆಕ್ಕಕ್ಕೆ ಬರೋಣ. ಅಮೆರಿಕದಲ್ಲಿ ನೆರವಿಗಾಗಿ ತುಂಬುವ ಅರ್ಜಿಯನ್ನು ಫಾಫ್ಸಾ ಎನ್ನುತ್ತಾರೆ. ಮದುವೆಯಾದ ವಿದ್ಯಾರ್ಥಿಯನ್ನು ಅದು ಸ್ವತಂತ್ರ ವಿದ್ಯಾರ್ಥಿ ಎಂದು ಎಣಿಸುತ್ತದೆ: ತಂದೆ ತಾಯಿಯ ಆದಾಯ ಬಿಟ್ಟುಹೋಗಿ ಆ ಜಾಗಕ್ಕೆ ಗಂಡನ ಅಥವಾ ಹೆಂಡತಿಯ ಆದಾಯ ಬರುತ್ತದೆ. ಸಂಗಾತಿಯ ಆದಾಯವನ್ನು ಎಣಿಸುವಾಗ ಆತ ಯಾವ ದೇಶದ ಪೌರ, ಯಾವ ವೀಸಾದವನು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗಳಿಸಿದ ಹಣ ಗಳಿಸಿದ ಹಣವೇ. ಎಚ್-1ಬಿ ದಂಪತಿ ಜಂಟಿಯಾಗಿ ತೆರಿಗೆ ರಿಟರ್ನ್ ಸಲ್ಲಿಸಿದರೆ ತೆರಿಗೆ ಇಲಾಖೆಗೂ ಅವರಿಬ್ಬರೂ ಒಂದು ಮನೆ. ವಲಸೆ ಇಲಾಖೆಗಂತೂ ಹೆಂಡತಿಯ ಅಸ್ತಿತ್ವವೇ ಮದುವೆಯಿಂದ ಬಂದದ್ದು. ಇಷ್ಟು ಕಡೆ ಮದುವೆಯನ್ನು ಒಪ್ಪಿಕೊಂಡ ಆಡಳಿತ ಒಂದೇ ಒಂದು ಕಡೆ, ಅಂದರೆ ಓದಿನ ನೆರವು ಕೇಳಿದಾಗ, ನೀನು ಒಂಟಿ ಪರದೇಶಿ ಎನ್ನುತ್ತದೆ.

ಬ್ರಿಟನ್ನಿನ ಕಥೆ ಬೇರೆ ದಾರಿಯಲ್ಲಿ ಹೋಗಿ ಇದೇ ಜಾಗಕ್ಕೆ ಬರುತ್ತದೆ. ಇಂಗ್ಲೆಂಡಿನಲ್ಲಿ ಪದವಿ ಶಿಕ್ಷಣಕ್ಕೆ ಸಾಲ ಪಡೆಯುವ ಸಾಮಾನ್ಯ ದಾರಿಗೆ ಎರಡು ಷರತ್ತುಗಳಿವೆ. ಕೋರ್ಸಿನ ಮೊದಲ ಶೈಕ್ಷಣಿಕ ವರ್ಷ ಆರಂಭವಾಗುವ ದಿನ ವಿದ್ಯಾರ್ಥಿಗೆ ಖಾಯಂ ವಾಸದ ಹಕ್ಕು ಇರಬೇಕು. ಅದಕ್ಕೆ ಹಿಂದಿನ ಮೂರು ವರ್ಷ ಆ ದೇಶದಲ್ಲಿ ಸಾಮಾನ್ಯ ನಿವಾಸಿಯಾಗಿರಬೇಕು. ಬ್ರಿಟಿಷ್ ಪೌರನನ್ನು ಮದುವೆಯಾಗಿ ಹೋದವಳಿಗೆ ಖಾಯಂ ವಾಸ ಸಿಗಲು ಮೊದಲು ಎರಡು ವರ್ಷ ಸಾಕಿತ್ತು. 2012ರ ಜುಲೈನಲ್ಲಿ ಆ ಅವಧಿಯನ್ನು ಐದು ವರ್ಷಕ್ಕೆ ಏರಿಸಿದರು. ಅದನ್ನು ಏರಿಸಿದ್ದು ವಲಸೆ ನಿಯಂತ್ರಣಕ್ಕಾಗಿ. ಯಾರೂ ವಿದ್ಯಾರ್ಥಿ ಸಾಲದ ಬಗ್ಗೆ ಹೊಸ ನಿಯಮ ಬರೆಯದೆಯೇ ಅವಳ ಓದು ಮೂರರಿಂದ ಐದು ವರ್ಷಕ್ಕೆ ಮುಂದಕ್ಕೆ ಹೋಯಿತು. ಸಾಲ ಸಿಗದಿರುವುದು ಒಂದು ಭಾಗ. ಅದೇ ನಿಯಮದಿಂದ ಶುಲ್ಕವೂ ಬದಲಾಗುತ್ತದೆ. ಸ್ಥಳೀಯ ವಿದ್ಯಾರ್ಥಿಯ ಶುಲ್ಕಕ್ಕೆ 2025-26ರಲ್ಲಿ 9,535 ಪೌಂಡ್ ಮಿತಿ ಇದೆ, ವಿದೇಶಿ ವಿದ್ಯಾರ್ಥಿಯ ಶುಲ್ಕಕ್ಕೆ ಅಂಥ ಮಿತಿಯಿಲ್ಲ. ಐದು ವರ್ಷ ಕಾದು ಅರ್ಹಳಾದ ಮೇಲೆ ಜೀವನ ವೆಚ್ಚದ ಸಾಲಕ್ಕೆ ಅರ್ಜಿ ಹಾಕಿದರೆ ಮೊದಲು ಕೇಳುವುದು ಗಂಡನ ಆದಾಯವನ್ನೇ. ಅಷ್ಟು ವರ್ಷ ಲೆಕ್ಕಕ್ಕೆ ಬಾರದ ಮದುವೆ ಅಂದು ತಟ್ಟನೆ ಲೆಕ್ಕಕ್ಕೆ ಬರುತ್ತದೆ.

ಈ ಖಾಯಂ ವಾಸದ ಷರತ್ತನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರ ಜುಲೈನಲ್ಲಿ ಟೈಗೆರೆ ಪ್ರಕರಣದಲ್ಲಿ ಪರಿಶೀಲಿಸಿತು. ಜಾಂಬಿಯಾದಿಂದ ಆರನೆಯ ವಯಸ್ಸಿನಲ್ಲಿ ಬಂದು ಅಲ್ಲೇ ಶಾಲೆ ಕಲಿತ ಯುವತಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು, ಖಾಯಂ ವಾಸದ ಹಕ್ಕು ಇಲ್ಲದ್ದರಿಂದ ಸಾಲ ಸಿಕ್ಕಿರಲಿಲ್ಲ. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಆಕೆಯ ಪರ ತೀರ್ಪು ಕೊಟ್ಟರು. ಮೂರು ವರ್ಷದ ಕಾನೂನುಬದ್ಧ ವಾಸದ ಷರತ್ತು ಸಮರ್ಥನೀಯ, ಎಲ್ಲರಿಗೂ ಒಂದೇ ಅಳತೆಯಲ್ಲಿ ಖಾಯಂ ವಾಸ ಬೇಕೆನ್ನುವುದು ತಾರತಮ್ಯ ಎಂಬುದು ಬಹುಮತದ ನಿಲುವು. ತೀರ್ಪಿನ ಬೆನ್ನಿಗೆ ಸರ್ಕಾರ ದೀರ್ಘ ವಾಸ ಎಂಬ ಹೊಸ ದಾರಿ ತೆರೆಯಿತು: ಹದಿನೆಂಟು ತುಂಬದವರಾದರೆ ಏಳು ವರ್ಷ, ತುಂಬಿದವರಾದರೆ ಅರ್ಧ ಆಯುಷ್ಯ ಅಥವಾ ಇಪ್ಪತ್ತು ವರ್ಷ ಆ ದೇಶದಲ್ಲಿ ಕಳೆದಿರಬೇಕು. ಬಾಲ್ಯದಲ್ಲಿ ಬಂದವರಿಗೆ ಇದರಿಂದ ನಿಜವಾದ ಉಪಕಾರವಾಯಿತು. ಇಪ್ಪತ್ತಾರಕ್ಕೆ ಮದುವೆಯಾಗಿ ಬಂದವಳಿಗೆ ಅರ್ಧ ಆಯುಷ್ಯ ಎಂದರೆ ಇನ್ನೊಂದು ಇಪ್ಪತ್ತಾರು ವರ್ಷ, ಇಲ್ಲವೇ ಇಪ್ಪತ್ತು. ನ್ಯಾಯಾಲಯದ ತರ್ಕ ಆಕೆಗೂ ಅನ್ವಯಿಸುವಂಥದ್ದು. ಸರ್ಕಾರ ಹೊಲಿಸಿದ ಪರಿಹಾರ ಮಾತ್ರ ಮಗುವಿನ ಅಳತೆಗೆ.

ಜರ್ಮನಿಯಲ್ಲಿ ವಿದ್ಯಾರ್ಥಿ ನೆರವಿನ ಕಾನೂನನ್ನು ಬಾಫೋಗ್ ಎಂದು ಕರೆಯುತ್ತಾರೆ, 1971ರಿಂದ ಜಾರಿಯಲ್ಲಿದೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಸಾಮಾನ್ಯವಾಗಿ ಅರ್ಧ ಅನುದಾನ, ಅರ್ಧ ಬಡ್ಡಿಯಿಲ್ಲದ ಸಾಲ. ತೀರಿಸಬೇಕಾದ ಸಾಲಕ್ಕೆ 10,010 ಯೂರೋ ಮಿತಿ. ಅಗತ್ಯವನ್ನು ಎಣಿಸುವಾಗ ಈ ಕಾನೂನೂ ಮೊದಲು ವಿದ್ಯಾರ್ಥಿಯ ಆದಾಯ, ನಂತರ ಸಂಗಾತಿಯ ಆದಾಯ, ಆಮೇಲೆ ತಂದೆ ತಾಯಿಯ ಆದಾಯ ಎಂಬ ಕ್ರಮ ಅನುಸರಿಸುತ್ತದೆ. ಆದರೆ ಅದೇ ಕಾನೂನಿನ ಎಂಟನೆಯ ಕಲಮು ಅರ್ಹತೆಯಲ್ಲೂ ಮದುವೆಯನ್ನು ಎಣಿಸುತ್ತದೆ. ಜರ್ಮನ್ ಪೌರನ ಪತ್ನಿಯಾಗಿ ವಾಸಾನುಮತಿ ಪಡೆದವಳು, ಖಾಯಂ ವಾಸದ ಹಕ್ಕಿರುವ ವಿದೇಶಿಯ ಪತ್ನಿಯಾಗಿ ಬಂದವಳು ಕಾಯುವ ಅವಧಿಯಿಲ್ಲದೆ ಅರ್ಹರು. ತಾತ್ಕಾಲಿಕ ವಾಸಾನುಮತಿಯವನ ಪತ್ನಿ 15 ತಿಂಗಳು ಸತತವಾಗಿ ಆ ದೇಶದಲ್ಲಿ ಇದ್ದರೆ ಅರ್ಹಳು. ಈ ಅವಧಿ ಮೊದಲು ನಾಲ್ಕು ವರ್ಷವಿತ್ತು, ನಂತರ ಇಳಿಸಿದರು. ಇನ್ನೂ ಮುಖ್ಯವಾದ ಮಾತು ಅದೇ ಕಲಮಿನ ಕೊನೆಗಿದೆ: ಪತ್ನಿ ಎಂಬ ಕಾರಣದಿಂದ ಅರ್ಹಳಾದವಳು ಗಂಡನಿಂದ ಬೇರೆಯಾದರೂ, ಮದುವೆ ಮುರಿದರೂ, ಕಾನೂನುಬದ್ಧವಾಗಿ ಆ ದೇಶದಲ್ಲಿ ಇರುವವರೆಗೆ ನೆರವಿನ ಹಕ್ಕು ಕಳೆದುಕೊಳ್ಳುವುದಿಲ್ಲ. ಗಂಡನ ಆದಾಯವನ್ನು ಲೆಕ್ಕಕ್ಕೆ ಹಿಡಿಯುವ ಸರ್ಕಾರ ಗಂಡನ ಮನೆಯನ್ನೂ ಲೆಕ್ಕಕ್ಕೆ ಹಿಡಿದಿದೆ.

ಹೀಗೆ ನೋಡಿದರೆ ಮೂರು ದೇಶಗಳ ವ್ಯತ್ಯಾಸ ಔದಾರ್ಯದ ಪ್ರಮಾಣದ್ದಲ್ಲ. ಪೌರನ ಹೆಂಡತಿಯ ವಿಷಯದಲ್ಲಿ ಅಮೆರಿಕ ಬ್ರಿಟನ್ನಿಗಿಂತ ಎಷ್ಟೋ ಉದಾರಿ: ಅಮೆರಿಕದಲ್ಲಿ ಮೊದಲ ದಿನ, ಬ್ರಿಟನ್ನಿನಲ್ಲಿ ಐದು ವರ್ಷ. ದುಡಿಯಲು ಬಂದ ವಿದೇಶಿಯ ಹೆಂಡತಿಯ ವಿಷಯದಲ್ಲಿ ಅದೇ ಅಮೆರಿಕ ಎಲ್ಲರಿಗಿಂತ ಕಠಿಣ. ಆಸ್ಟ್ರೇಲಿಯಾ ಮತ್ತೊಂದು ಮಾದರಿ: ಖಾಯಂ ನಿವಾಸಿಗೆ ಸರ್ಕಾರ ಶುಲ್ಕ ಭರಿಸುವ ಸೀಟು ಸಿಗುತ್ತದೆ, ತನ್ನ ಪಾಲಿನ ಶುಲ್ಕವನ್ನು ಸಾಲವಾಗಿ ಮುಂದೂಡುವ ಸೌಲಭ್ಯ ಸಾಮಾನ್ಯವಾಗಿ ಪೌರರಿಗಷ್ಟೇ. ಇವೆಲ್ಲ ವಿದ್ಯಾರ್ಥಿನಿಯ ಯೋಗ್ಯತೆಯನ್ನಾಗಲಿ ಬಡತನವನ್ನಾಗಲಿ ನೋಡಿ ಮಾಡಿದ ವಿಂಗಡಣೆಗಳಲ್ಲ. ವಲಸೆ ನಿಯಂತ್ರಣಕ್ಕೆಂದು ಹಾಕಿದ ಬೇಲಿಯನ್ನು ಶಿಕ್ಷಣ ಇಲಾಖೆ ಯೋಚಿಸದೆ ತನ್ನ ಬೇಲಿಯನ್ನಾಗಿ ಮಾಡಿಕೊಂಡ ಫಲ ಇದು.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು, ಇದು ಆ ದೇಶದ ತೆರಿಗೆದಾರರ ಹಣ, ನಿನ್ನೆ ಬಂದವರಿಗೆ ಏಕೆ ಕೊಡಬೇಕು ಎಂಬುದು. ಎಚ್-1ಬಿ ಉದ್ಯೋಗಿ ಆದಾಯ ತೆರಿಗೆಯನ್ನೂ ಸಾಮಾಜಿಕ ಭದ್ರತೆಯ ವಂತಿಗೆಯನ್ನೂ ಪೌರನಂತೆಯೇ ಕಟ್ಟುತ್ತಾನೆ ಎಂದಷ್ಟೇ ಹೇಳಿ ನಿಲ್ಲಿಸಬಹುದು. ಆದರೆ ಅಮೆರಿಕದ ಕಾನೂನೇ ಇದಕ್ಕಿಂತ ಗಟ್ಟಿಯಾದ ಉತ್ತರ ಕೊಟ್ಟಿದೆ. 1996ರಲ್ಲಿ ಅಲ್ಲಿನ ಸಂಸತ್ತು ಕಲ್ಯಾಣ ಯೋಜನೆಗಳನ್ನು ಬಿಗಿಗೊಳಿಸಿ, ಹೊಸದಾಗಿ ಬಂದ ಖಾಯಂ ನಿವಾಸಿಗಳಿಗೂ ಐದು ವರ್ಷ ಅವು ಸಿಗಬಾರದು ಎಂದಿತು. ಅಷ್ಟು ಕಠೋರವಾದ ಆ ಕಾಯ್ದೆ ಕೂಡ ಉನ್ನತ ಶಿಕ್ಷಣದ ವಿದ್ಯಾರ್ಥಿ ನೆರವನ್ನು ಆ ಐದು ವರ್ಷದ ತಡೆಯಿಂದ ಹೊರಗಿಟ್ಟಿತು. ಬ್ರಿಟನ್ನಿನ ವಲಸೆ ನಿಯಮಗಳೂ ಪತ್ನಿ ವೀಸಾದವರಿಗೆ ನಿಷೇಧಿಸಿದ ಸಾರ್ವಜನಿಕ ನಿಧಿಗಳ ಪಟ್ಟಿಯಲ್ಲಿ ವಿದ್ಯಾರ್ಥಿ ಸಾಲವನ್ನು ಸೇರಿಸಿಲ್ಲ. ಓದಿಗೆ ಕೊಟ್ಟ ಹಣ ಮರಳಿ ಬರುತ್ತದೆ ಎಂಬ ತಿಳಿವಳಿಕೆ ಇಬ್ಬರಿಗೂ ಇದೆ. 2023ರ ಆಗಸ್ಟ್‌ನಿಂದ ಇಂಗ್ಲೆಂಡಿನಲ್ಲಿ ಪದವಿಗೆ ಸೇರಿದವರು 25,000 ಪೌಂಡ್ ದಾಟಿದ ಆದಾಯದ ಮೇಲೆ ಶೇ. 9ರಂತೆ ನಲವತ್ತು ವರ್ಷದವರೆಗೆ ಸಾಲ ತೀರಿಸುವ ವ್ಯವಸ್ಥೆ ಇದೆ. ಓದು ಮುಗಿಸಿ ಕೆಲಸ ಹಿಡಿದ ಹೆಣ್ಣುಮಗಳು ಆ ದೇಶಕ್ಕೆ ಹೊರೆಯಲ್ಲ, ಅದರ ಬೊಕ್ಕಸಕ್ಕೆ ಕಟ್ಟುವವಳು.

ಎರಡನೆಯ ಆಕ್ಷೇಪ: ಎಚ್-4 ತಾತ್ಕಾಲಿಕ ಸ್ಥಿತಿ, ಸಾಲ ಪಡೆದು ದೇಶ ಬಿಟ್ಟರೆ ಯಾರು ಹೊಣೆ? ತಾತ್ಕಾಲಿಕ ಎಂಬ ಹಣೆಪಟ್ಟಿಯನ್ನು ಅಮೆರಿಕವೇ ಎರಡು ಬಾರಿ ಸಡಿಲಿಸಿದೆ. 1990ರ ಕಾಯ್ದೆ ಎಚ್-1ಬಿಯವರು ಖಾಯಂ ವಾಸದ ಉದ್ದೇಶ ಇಟ್ಟುಕೊಂಡಿರುವುದು ತಪ್ಪಲ್ಲ ಎಂದಿತು. 2015ರ ಮೇ ತಿಂಗಳಲ್ಲಿ, ಗಂಡನ ಗ್ರೀನ್ ಕಾರ್ಡ್ ಅರ್ಜಿಯ ಮುಖ್ಯ ಹಂತವಾದ ಐ-140ಕ್ಕೆ ಒಪ್ಪಿಗೆ ಸಿಕ್ಕಿದ್ದರೆ ಎಚ್-4 ಪತ್ನಿ ಕೆಲಸದ ಪರವಾನಗಿ ಪಡೆಯಬಹುದು ಎಂಬ ನಿಯಮ ಬಂತು. ವಿದ್ಯಾರ್ಥಿ ನೆರವಿನ ಮೂಲ ಕಾನೂನು ಪೌರರನ್ನೂ ಖಾಯಂ ನಿವಾಸಿಗಳನ್ನೂ ಹೆಸರಿಸಿ, ತಾತ್ಕಾಲಿಕವಲ್ಲದ ಉದ್ದೇಶದಿಂದ ಖಾಯಂ ನಿವಾಸಿಯಾಗುವ ಇರಾದೆಯಲ್ಲಿ ಆ ದೇಶದಲ್ಲಿರುವವರಿಗೂ ಬಾಗಿಲು ತೆರೆದಿಟ್ಟಿದೆ. ಐ-140 ಒಪ್ಪಿಗೆಯಾಗಿ ಸರದಿಯಲ್ಲಿ ನಿಂತ ಕುಟುಂಬದ ಇರಾದೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಹೇಗೆ? ಕೆಲಸಕ್ಕೆ ಸಾಕೆನಿಸಿದ ಪುರಾವೆ ಸಾಲಕ್ಕೂ ಸಾಕಾಗಬೇಕು. ಸ್ವತಃ ಅಮೆರಿಕದ ಅನೇಕ ರಾಜ್ಯಗಳು ಎಚ್-4 ಕುಟುಂಬದವರನ್ನು ನಿಗದಿತ ವಾಸದ ನಂತರ ಶುಲ್ಕದ ಮಟ್ಟಿಗೆ ರಾಜ್ಯದ ನಿವಾಸಿಗಳೆಂದು ಒಪ್ಪುತ್ತವೆ. ರಾಜ್ಯಕ್ಕೆ ನಿವಾಸಿಯಾದವಳು ಒಕ್ಕೂಟಕ್ಕೆ ಪ್ರವಾಸಿಯಾಗುವುದು ವಿಚಿತ್ರ.

ಮೂರನೆಯದು ಮೋಸದ ಭಯ: ನೆರವಿಗಾಗಿ ಸುಳ್ಳು ಮದುವೆಗಳು ಹುಟ್ಟಿಕೊಳ್ಳುತ್ತವೆ ಎಂಬುದು. ಸುಳ್ಳು ಮದುವೆಗಳು ನಡೆಯುವುದಿಲ್ಲವೆಂದು ಯಾರೂ ಹೇಳಲಾರರು. ಅಮೆರಿಕ 1986ರಲ್ಲಿ ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್ ತಂದದ್ದೇ ಅವನ್ನು ತಡೆಯಲು. ಆದರೆ ಗಮನಿಸಿ, ಆ ಷರತ್ತಿನ ಎರಡು ವರ್ಷಗಳಲ್ಲೂ ನೆರವು ನಿಲ್ಲುವುದಿಲ್ಲ. ಮದುವೆ ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದು ವಲಸೆ ಅಧಿಕಾರಿಯ ಕೆಲಸ, ಕಾಲೇಜಿನ ಹಣಕಾಸು ಗುಮಾಸ್ತನದ್ದಲ್ಲ ಎಂಬ ವಿವೇಕ ಅಲ್ಲಿದೆ. ಇಷ್ಟಾದರೂ ಅನುಮಾನ ಉಳಿದರೆ ಜರ್ಮನಿಯ 15 ತಿಂಗಳಂಥ ಅವಧಿ ಸಾಕು. ವಿದ್ಯಾರ್ಥಿ ಸಾಲಕ್ಕೆಂದು ಯಾರೂ ಅಷ್ಟು ಕಾಲ ಸಂಸಾರದ ನಾಟಕ ಆಡಲಾರರು.

ನಾಲ್ಕನೆಯ ಆಕ್ಷೇಪ ನಮ್ಮವರ ಬಾಯಿಂದಲೇ ಹೆಚ್ಚು ಬರುವುದು. ಅಮೆರಿಕದ ಎಂಜಿನಿಯರನ ಹೆಂಡತಿಗೆ ಏನು ಕೊರತೆ, ಗಂಡನೇ ಓದಿಸುತ್ತಾನಲ್ಲ ಎನ್ನುತ್ತಾರೆ. ಓದಿಸುವ ಗಂಡಂದಿರು ಬಹಳ ಇದ್ದಾರೆ. ಗಂಡನ ಆದಾಯ ನಿಜವಾಗಿಯೂ ಹೆಚ್ಚಿದ್ದರೆ ಅಗತ್ಯದ ಲೆಕ್ಕವೇ ಅನುದಾನವನ್ನು ತಡೆಯುತ್ತದೆ; ಅದಕ್ಕೆಂದು ಅರ್ಹತೆಯ ಬಾಗಿಲನ್ನೇ ಮುಚ್ಚಬೇಕಿಲ್ಲ. ಅಲ್ಲದೆ ಪತ್ನಿಯ ಓದು ಗಂಡನ ಮರ್ಜಿಯ ಮೇಲೆ ನಿಂತಿರಬಾರದು. ಎಚ್-4 ಪತ್ನಿಯ ವೀಸಾ ಮದುವೆಯ ಜೊತೆಗೇ ಕೊನೆಗೊಳ್ಳುತ್ತದೆ. ಕೈಯಲ್ಲಿ ಆ ದೇಶದ ಪದವಿ, ಉದ್ಯೋಗ ಎರಡೂ ಇಲ್ಲದವಳು ಹೊಡೆತ ಬಡಿತ ಸಹಿಸಿಯೂ ಮನೆಯಲ್ಲೇ ಉಳಿಯಬೇಕಾಗುತ್ತದೆ. ಅನಿವಾಸಿ ಗಂಡಂದಿರು ತೊರೆದ ಹೆಂಗಸರ ದೂರುಗಳಿಗಾಗಿಯೇ ನಮ್ಮ ರಾಷ್ಟ್ರೀಯ ಮಹಿಳಾ ಆಯೋಗ 2009ರಲ್ಲಿ ಪ್ರತ್ಯೇಕ ಘಟಕ ತೆರೆಯಬೇಕಾಯಿತು ಎಂಬುದನ್ನು ನೆನಪಿಡಬೇಕು. ಮದುವೆ ಮುರಿದರೂ ನೆರವು ಮುರಿಯದು ಎಂಬ ಜರ್ಮನಿಯ ಕಲಮಿನ ಬೆಲೆ ಇಂಥ ಸಂದರ್ಭದಲ್ಲಿ ತಿಳಿಯುತ್ತದೆ. ಪದವೀಧರೆಗೆ ಮತ್ತೆ ಓದೇಕೆ ಎಂದು ಕೇಳುವವರಿಗೂ ಇಲ್ಲೇ ಉತ್ತರವಿದೆ. ನಮ್ಮ ಬಿ.ಇಡಿ., ನರ್ಸಿಂಗ್, ಕಾನೂನು, ದಂತವೈದ್ಯ ಪದವಿಗಳನ್ನು ಹಿಡಿದು ಹೋದವರು ಅಲ್ಲಿ ನೇರವಾಗಿ ವೃತ್ತಿ ಆರಂಭಿಸಲಾರರು. ಪರವಾನಗಿ ಪರೀಕ್ಷೆಯೋ ಹೆಚ್ಚಿನ ಕೋರ್ಸೋ ಬೇಕಾಗುತ್ತದೆ. ಆ ನಡುವಿನ ಒಂದೆರಡು ವರ್ಷಕ್ಕೆ ಹಣವಿಲ್ಲದಿದ್ದರೆ ಇಲ್ಲಿ ಕಲಿತ ನಾಲ್ಕೈದು ವರ್ಷವೂ ವ್ಯರ್ಥ.

ಕೊನೆಯ ಆಕ್ಷೇಪ, ಹೋದದ್ದು ಅವಳ ಆಯ್ಕೆ ಎಂಬುದು. ಆಯ್ಕೆಯೇ ಸರಿ, ಆದರೆ ಆ ಆಯ್ಕೆಯೇ ಅವಳ ವಾದಕ್ಕೆ ಬಲ. ಬ್ರಿಟನ್ನಿನ ನ್ಯಾಯಶಾಸ್ತ್ರದಲ್ಲಿ ಸಾಮಾನ್ಯ ವಾಸ ಎಂಬುದಕ್ಕೆ ಹೌಸ್ ಆಫ್ ಲಾರ್ಡ್ಸ್ 1982ರ ಕೊನೆಗೆ ಶಾ ಪ್ರಕರಣದಲ್ಲಿ ಅರ್ಥ ಕೊಟ್ಟಾಗ, ಸ್ವಇಚ್ಛೆಯಿಂದ, ನೆಲೆಗೊಂಡ ಉದ್ದೇಶದಿಂದ ಒಂದು ಕಡೆ ಬದುಕುವುದನ್ನೇ ಅದರ ಲಕ್ಷಣವೆಂದು ಹೇಳಿತು. ಆ ತೀರ್ಪಿನ ನಂತರ ಸರ್ಕಾರ ನಿಯಮ ತಿದ್ದಿ, ಮುಖ್ಯವಾಗಿ ಓದಿಗೆಂದೇ ಬಂದವರ ವಾಸವನ್ನು ಲೆಕ್ಕದಿಂದ ತೆಗೆಯಿತು. ಓದಿಗೆಂದು ಬರುವವರನ್ನು ದೂರವಿಡುವುದು ಆ ತಿದ್ದುಪಡಿಯ ಉದ್ದೇಶವಾಗಿದ್ದರೆ, ಬದುಕಲೆಂದು ಬಂದು ಆಮೇಲೆ ಓದುವ ಪತ್ನಿ ಆ ಗುಂಪಿಗೆ ಸೇರುವುದೇ ಇಲ್ಲ.

ಇಷ್ಟೆಲ್ಲ ಪರದೇಶದವರಿಗೆ ಹೇಳಿ ನಮ್ಮ ಮನೆಯ ನಿಯಮಗಳನ್ನು ನೋಡದಿದ್ದರೆ ಈ ವಾದಕ್ಕೆ ನೈತಿಕ ಬಲ ಇರುವುದಿಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮಗಳು, ಮದುವೆಯಾದ ನಿರುದ್ಯೋಗಿ ವಿದ್ಯಾರ್ಥಿನಿಯಾದರೆ ಗಂಡನ ಆದಾಯವನ್ನು ನೋಡಬೇಕೆಂದು ಹೇಳುತ್ತವೆ. ಅಂದರೆ ಅಗತ್ಯದ ಲೆಕ್ಕದಲ್ಲಿ ನಾವೂ ಮದುವೆಯನ್ನು ಹಿಡಿಯುತ್ತೇವೆ. ಅರ್ಹತೆಯಲ್ಲಿ? ನೆರೆರಾಜ್ಯದಿಂದ ಕಲಬುರಗಿಗೋ ಬೆಳಗಾವಿಗೋ ಮದುವೆಯಾಗಿ ಬಂದವಳು ವೃತ್ತಿಶಿಕ್ಷಣದ ಸರ್ಕಾರಿ ಸೀಟಿಗೆ ಸಿಇಟಿ ಬರೆಯಲು ಹೋದರೆ, ರಾಜ್ಯದಲ್ಲಿ ಏಳು ವರ್ಷ ಓದಿರಬೇಕೆಂಬ ಸಾಮಾನ್ಯ ನಿಯಮ ಎದುರಾಗುತ್ತದೆ. ಮದುವೆಯಾಗಿ ಬಂದದ್ದು ಅದಕ್ಕೆ ಬದಲಿ ಅರ್ಹತೆಯಲ್ಲ. ಒಂದು ರಾಜ್ಯದ ಪರಿಶಿಷ್ಟ ಜಾತಿ, ಪಂಗಡದವರು ಬೇರೆ ರಾಜ್ಯಕ್ಕೆ ಹೋದರೆ ಮೀಸಲಾತಿಯ ಹಕ್ಕು ಜೊತೆಗೆ ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ತೀರ್ಮಾನಿಸಿತು. ಅದಕ್ಕೆ ಸಂವಿಧಾನದ ಬಲವಾದ ಕಾರಣಗಳಿವೆ, ನಾನು ಅದನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಆದರೆ ಭಾರತದ ಜನಗಣತಿಯಲ್ಲಿ ಹೆಂಗಸರು ಊರು ಬಿಡುವುದಕ್ಕೆ ಅತಿ ದೊಡ್ಡ ಕಾರಣ ಮದುವೆಯೇ ಆಗಿರುವಾಗ, ವಾಸದ ಷರತ್ತುಗಳ ಭಾರ ಗಂಡಸರಿಗಿಂತ ಹೆಂಗಸರ ಮೇಲೆ ಹೆಚ್ಚು ಬೀಳುತ್ತದೆಂಬುದನ್ನು ನಾವೂ ಒಪ್ಪಬೇಕು.

ಹೊರಗಿನಿಂದ ಬಂದವರ ಓದಿಗೂ ದತ್ತಿ ಕೊಡುವ ಹಳೆಯ ಪರಂಪರೆ ನಮ್ಮ ನಾಡಿನಲ್ಲೇ ಇದೆ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ವಿದ್ಯಾಶಾಲೆಯ ವಿವರ ಕ್ರಿ.ಶ. 945ರ ಶಾಸನದಲ್ಲಿ ಬರುತ್ತದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದರು, ಅವರ ವಸತಿಗೆ 27 ಮನೆಗಳಿದ್ದವು. ಊರಿನವರು ಪ್ರತಿ ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧದಂತೆ ಶಾಲೆಗೆ ಕೊಡಲು ಒಪ್ಪಿದ್ದರು. ಅದು ಬ್ರಾಹ್ಮಣ ಗಂಡುಮಕ್ಕಳಿಗೆ ಸೀಮಿತವಾದ ಶಾಲೆ. ಅದನ್ನು ಮಾದರಿಯೆಂದು ಎತ್ತಿ ಹಿಡಿಯಲಾಗದು. ಆದರೂ ಹೊರನಾಡಿನ ವಿದ್ಯಾರ್ಥಿಯ ಓದಿಗೆ ಊರಿನ ಮದುವೆಗಳ ಹಣ ಸಲ್ಲಬಹುದು ಎಂದು ಒಂದು ಹಳ್ಳಿ ಸಾವಿರ ವರ್ಷದ ಹಿಂದೆ ಒಪ್ಪಿತ್ತು.

ಹಾಗಾದರೆ ಆಗಬೇಕಾದದ್ದೇನು? ಸಂಗಾತಿಯ ಆದಾಯವನ್ನು ಎಣಿಸುವ ಯಾವ ದೇಶವೇ ಆಗಲಿ, ಸಂಗಾತಿಯ ನೆಲೆಯನ್ನೂ ಎಣಿಸಬೇಕು. ಪೌರ ಅಥವಾ ಖಾಯಂ ನಿವಾಸಿಯ ಪತ್ನಿಗೆ ಕಾಯುವ ಅವಧಿ ಇರಬಾರದು. ದುಡಿಯಲು ಬಂದವನ ಪತ್ನಿಗೆ ಒಂದೂಕಾಲು ವರ್ಷದಷ್ಟು ಅವಧಿ ಸಾಕು. ಒಮ್ಮೆ ಸಿಕ್ಕ ಅರ್ಹತೆ ಮದುವೆಯ ಜೊತೆ ಸಾಯಬಾರದು. ಪತ್ನಿಯ ಹಿಂದೆ ಹೋಗುವ ಗಂಡನಿಗೂ ಇದೇ ನಿಯಮ ಸಲ್ಲಬೇಕು. ಇವನ್ನು ವಾಷಿಂಗ್ಟನ್, ಲಂಡನ್ ಮಾಡಬೇಕೇ ಹೊರತು ಬೆಂಗಳೂರು ಮಾಡಲಾಗದು. ಆದರೆ ಅಮೆರಿಕದ ಅಕ್ಕ, ನಾವಿಕದಂಥ ಕನ್ನಡ ಸಂಘಟನೆಗಳು, ಬ್ರಿಟನ್ ಜರ್ಮನಿಗಳ ಕನ್ನಡ ಕೂಟಗಳು ತಮ್ಮ ಸಮ್ಮೇಳನಗಳಲ್ಲಿ ಹಾಡು ನೃತ್ಯಗಳ ಜೊತೆ ಈ ಬೇಡಿಕೆಗೂ ಒಂದು ಗೋಷ್ಠಿ ಕೊಡಬಹುದು. ಮತದಾರರಾದ ಕನ್ನಡಿಗರು ಅಲ್ಲಿನ ಜನಪ್ರತಿನಿಧಿಗಳಿಗೆ ಮನವಿ ಸಲ್ಲಿಸಬಹುದು. ನಮ್ಮ ವಿಶ್ವವಿದ್ಯಾಲಯಗಳು ಅಂಕಪಟ್ಟಿ, ಪಠ್ಯಕ್ರಮದ ದೃಢೀಕೃತ ಪ್ರತಿಗಳನ್ನು ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿನಿಯರಿಗೆ ಅಲೆದಾಟವಿಲ್ಲದೆ ಕೊಡುವ ವ್ಯವಸ್ಥೆ ಮಾಡಬಹುದು.

ಹೆತ್ತವರಿಗೂ ಹುಡುಗಿಯರಿಗೂ ನನ್ನ ಬಿನ್ನಹ ಒಂದಿದೆ. ಪರದೇಶದ ಸಂಬಂಧ ಬಂದಾಗ ಹುಡುಗನ ಸಂಬಳ, ಮನೆತನ, ಜಾತಕ ಎಲ್ಲವನ್ನೂ ವಿಚಾರಿಸುತ್ತೀರಿ. ಅವನ ವೀಸಾ ಯಾವ ವರ್ಗದ್ದು, ಆ ವರ್ಗದಲ್ಲಿ ಹೆಂಡತಿ ಓದಬಹುದೇ, ದುಡಿಯಬಹುದೇ, ಶುಲ್ಕ ಸ್ಥಳೀಯರದ್ದೋ ವಿದೇಶಿಯರದ್ದೋ, ಸರ್ಕಾರದ ನೆರವು ಎಷ್ಟು ವರ್ಷಕ್ಕೆ ಸಿಗುತ್ತದೆ ಎಂಬುದನ್ನೂ ಕೇಳಿ. ಕೇಳಲು ಸಂಕೋಚ ಬೇಡ, ಉತ್ತರವನ್ನು ದಾಖಲೆಯಲ್ಲಿ ನೋಡಿ. ಹುಡುಗಿಯ ಓದು ಮದುವೆಯ ಮಾತುಕತೆಯಲ್ಲೇ ಇತ್ಯರ್ಥವಾಗಬೇಕಾದ ವಿಷಯ.